ಕವರ್ ಪಟ್ಟಿ ಗಂಟಿನ ಹತ್ತಿರವೇ ಹರಿಯುತ್ತಿದ್ದರೆ

ಹಳೆ ಪ್ಲಾಸ್ಟಿಕ್ ಕವರ್ ಕತ್ತರಿಸಿ ಕ್ರೋಶಾ ಚೀಲ ಹೆಣೆಯುತ್ತಿದ್ದೇನೆ, ಪಟ್ಟಿ ಗಂಟಿನ ಹತ್ತಿರವೇ ಹರಿಯುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಬಹುಶಃ ತೊಂದರೆ ಕತ್ತರಿಸುವುದರಲ್ಲೇ ಇದೆ.

ಕವರನ್ನು ಚಪ್ಪಟೆಯಾಗಿ ಹಾಸಿ, ಒಳಗಿನ ಗಾಳಿಯನ್ನೆಲ್ಲ ಒತ್ತಿ ತೆಗೆಯಿರಿ. ಹಿಡಿಕೆ ಮತ್ತು ತಳದ ಅಂಟಿಸಿದ ಅಂಚು ಎರಡನ್ನೂ ಕತ್ತರಿಸಿ ಬಿಡಿ. ಉಳಿದದ್ದನ್ನು ಅಡ್ಡಲಾಗಿ 3 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿದರೆ, ಬಿಡಿಸಿದಾಗ ಪ್ರತಿ ತುಂಡೂ ಒಂದು ಬಳೆಯಾಗುತ್ತದೆ. ಈ ಬಳೆಗಳನ್ನು ಗಂಟು ಹಾಕಬೇಡಿ. ರಬ್ಬರ್ ಬ್ಯಾಂಡ್‌ಗೆ ರಬ್ಬರ್ ಬ್ಯಾಂಡ್ ಪೋಣಿಸುವ ಹಾಗೆ ಒಂದರೊಳಗೊಂದು ತೂರಿಸಿ, ನಿಧಾನವಾಗಿ ಎಳೆಯಿರಿ. ಜೋರಾಗಿ ಜಗ್ಗಿದರೆ ಅಂಚಿನ ಸಣ್ಣ ಕಚ್ಚಿನಿಂದಲೇ ಸೀಳು ಶುರುವಾಗುತ್ತದೆ. ಅದಕ್ಕೇ ಕತ್ತರಿ ಹರಿತವಾಗಿರಲೇಬೇಕು. ಮೊಂಡು ಕತ್ತರಿ ಅಂಚನ್ನು ಹಲ್ಲುಹಲ್ಲಾಗಿ ಮಾಡಿಬಿಡುತ್ತದೆ.

ಇನ್ನೊಂದು ವಿಷಯ, ಎಲ್ಲ ಕವರೂ ಒಂದೇ ಅಲ್ಲ. ಚರಚರ ಸದ್ದು ಮಾಡುವ ತೆಳು ಕವರ್ ಸಾಮಾನ್ಯವಾಗಿ ಹೆಚ್ಚು ಸಾಂದ್ರತೆಯ ಪಾಲಿಥೀನ್, ಅಂದರೆ ಎಚ್‌ಡಿಪಿಇ, ಅದರ ಮೇಲೆ 2 ಅಂತ ಗುರುತಿರುತ್ತದೆ. ಮೆತ್ತಗಿನದು ಕಡಿಮೆ ಸಾಂದ್ರತೆಯ ಪಾಲಿಥೀನ್, ಅಂದರೆ ಎಲ್‌ಡಿಪಿಇ, ಗುರುತು 4. ಇದು ಜಾಸ್ತಿ ಹಿಗ್ಗುತ್ತದೆ. ಒಂದೇ ಚೀಲಕ್ಕೆ ಎರಡನ್ನೂ ಬೆರೆಸಿದರೆ ಭಾರ ಹಾಕಿದಾಗ ಒಂದು ಕಡೆ ಜೋತುಬೀಳುತ್ತದೆ. ಮಣ್ಣಲ್ಲಿ ಕರಗುತ್ತದೆ ಅಂತ ಬರೆದಿರುವ ಕವರ್ ಅಂತೂ ಬೇಡವೇ ಬೇಡ, ಅಷ್ಟು ಕಷ್ಟಪಟ್ಟು ಹೆಣೆದದ್ದು ಬೇಗ ಪುಡಿಯಾದರೆ ಬೇಜಾರಲ್ವಾ?

ಕ್ರೋಶಾ ಕಡ್ಡಿ 6ರಿಂದ 8 ಮಿಲಿಮೀಟರ್ ದಪ್ಪ ಇರಲಿ, ಕೈ ಸಡಿಲವಿರಲಿ. ಬಿಗಿಯಾಗಿ ಹೆಣೆದರೆ ಪ್ಲಾಸ್ಟಿಕ್ ಕಡ್ಡಿಗೆ ಅಂಟಿಕೊಂಡಂತಾಗಿ ಜಾರುವುದೇ ಇಲ್ಲ. ಮುಗಿದ ಚೀಲವನ್ನು ತಣ್ಣೀರಲ್ಲಿ ತೊಳೆದು ನೆರಳಲ್ಲೇ ಒಣಗಿಸಿ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಚೂರಾಗುತ್ತದೆ.