ಪ್ರತಿಕ್ರಿಯೆ: ಬೆನ್ನಿಗೆ ಸೂಜಿ ಕೊಟ್ಟರೆ ಕೊಯ್ಯುವುದು ಗೊತ್ತಾಗುತ್ತಾ?

ಯಾದಗಿರಿಯಿಂದ ಕಲಬುರಗಿಗೆ ತಂದೆಯವರನ್ನು ಹರ್ನಿಯಾ ಆಪರೇಷನ್‌ಗೆ ಕರೆದೊಯ್ಯುತ್ತಿದ್ದೀರಿ, ಬೆನ್ನಿಗೆ ಸೂಜಿ ಕೊಟ್ಟು ದೇಹದ ಕೆಳಭಾಗವನ್ನಷ್ಟೇ ಮರಗಟ್ಟಿಸಿದಾಗ (ಸ್ಪೈನಲ್ ಅನಸ್ತೇಶಿಯಾ) ಎಚ್ಚರವಿದ್ದರೆ ಕೊಯ್ಯುವುದು ಗೊತ್ತಾಗುತ್ತಾ ಎಂದು ಕೇಳಿದ್ದೀರಿ. ನೋವಾಗುವುದಿಲ್ಲ. ಆದರೆ ಮುಟ್ಟಿದ್ದು, ಎಳೆದದ್ದು ತಿಳಿಯಬಹುದು. ಇದನ್ನು ಅವರಿಗೆ ಇವತ್ತೇ ಹೇಳಿ. ಗೊತ್ತಿಲ್ಲದವರು ಮದ್ದು ಹತ್ತಿಲ್ಲ ಅಂತ ಟೇಬಲ್ ಮೇಲೆ ಗಾಬರಿಯಾಗುತ್ತಾರೆ. ಚುರುಕ್ಕೆಂದು ನೋವಾದರೆ ಮಾತ್ರ ಸುಮ್ಮನಿರಬಾರದು, ಕೂಡಲೇ ಹೇಳಬೇಕು.

ಸೂಜಿ ಹಾಕುವಾಗ ಗದ್ದ ಎದೆಗೆ ತಾಗಿಸಿ ಬೆನ್ನು ಬಿಲ್ಲಿನಂತೆ ಬಾಗಿಸಲಿ, ಆಗಲೇ ಮೂಳೆಗಳ ಸಂದು ತೆರೆಯುತ್ತದೆ. ಬ್ಯುಪಿವಕೇನ್ ಎಂಬ ಮರಗಟ್ಟಿಸುವ ಮದ್ದು ಸುಮಾರು 3 ಮಿ.ಲೀ. ಹೋಗುತ್ತದೆ. ಕಾಲು ಮೊದಲು ಬೆಚ್ಚಗಾಗಿ, 5-10 ನಿಮಿಷದಲ್ಲಿ ಭಾರವಾಗುತ್ತವೆ. ತಣ್ಣನೆಯ ಸ್ಪಿರಿಟ್ ಹತ್ತಿ ಮುಟ್ಟಿಸಿ ಎಲ್ಲಿಯವರೆಗೆ ಮರಗಟ್ಟಿದೆ ನೋಡುತ್ತಾರೆ. ವಾಕರಿಕೆ ಬಂದರೆ ಬಹುತೇಕ ಬಿಪಿ ಇಳಿದಿರುತ್ತದೆ. ಹೇಳಿದರೆ ಔಷಧಿ ಕೊಟ್ಟು ಸರಿಮಾಡುತ್ತಾರೆ. ಭಯ ಜಾಸ್ತಿಯಿದ್ದರೆ ಮಂಪರಿನ ಔಷಧಿಯನ್ನೂ ಕೇಳಬಹುದು.

ಕಾಲಿಗೆ ಶಕ್ತಿ ಬರಲು 2-4 ಗಂಟೆ. ಮೂತ್ರ ಕಟ್ಟಬಹುದು, ಗಮನಿಸಿ. ಎದ್ದು ಕೂತಾಗ ಹೆಚ್ಚಾಗಿ, ಮಲಗಿದರೆ ಕಡಿಮೆಯಾಗುವ ತಲೆನೋವು ಬಂದರೆ ಅನಸ್ತೇಶಿಯಾ ಡಾಕ್ಟರಿಗೆ ತಿಳಿಸಿ, ಅದಕ್ಕೆ ಚಿಕಿತ್ಸೆಯಿದೆ.

ರೊಟ್ಟಿ-ಪಲ್ಯ ಆಪರೇಷನ್‌ಗೆ 6 ಗಂಟೆ ಮೊದಲೇ ನಿಲ್ಲಿಸಿ, ಎಣ್ಣೆ ಪದಾರ್ಥವಾದರೆ 8. ಬರೀ ನೀರು ಸಾಮಾನ್ಯವಾಗಿ 2 ಗಂಟೆ ಮೊದಲಿನವರೆಗೂ ಆಗುತ್ತದೆ, ಡಾಕ್ಟರನ್ನು ಕೇಳಿಕೊಳ್ಳಿ. ನಮ್ಮ ಬಿಸಿಲಿನಲ್ಲಿ ವಯಸ್ಸಾದವರನ್ನು ರಾತ್ರಿಯಿಡೀ ಬಾಯಾರಿಸುವುದು ಬೇಡ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಚೀಟಿ ಸಮೇತ ಈಗಲೇ ತೋರಿಸಿ.