ಅರ್ಧ ಆದ ರೂಟ್ ಕೆನಾಲ್, ಪೂರ್ತಿ ಮುಚ್ಚಿದ ಗಡಿ

(ಇದು 2021ರ ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ ಬರೆದ ಉತ್ತರ.) ಹಲ್ಲಿನ ರೂಟ್ ಕೆನಾಲ್ ಅರ್ಧಕ್ಕೆ ನಿಂತಿದೆ, ಲಾಕ್‌ಡೌನ್ ಅಂತ ಡಾಕ್ಟರ್ ಕ್ಲಿನಿಕ್ ಮುಚ್ಚಿದ್ದಾರೆ, ಸದ್ಯ ನೋವು ಅಷ್ಟೇನೂ ಇಲ್ಲ, ತೆರೆಯುವವರೆಗೆ ಲವಂಗದೆಣ್ಣೆ ಮತ್ತು ಯಾವುದಾದರೂ ಆಂಟಿಬಯೋಟಿಕ್‌ನಲ್ಲಿ ದಿನ ದೂಡಬಹುದಾ. ಇಷ್ಟೇ ಅಲ್ವಾ ನಿಮ್ಮ ಪ್ರಶ್ನೆ? ‘ನೋವು ಅಷ್ಟೇನೂ ಇಲ್ಲ’ ಅಂತ ಬರೆದಿದ್ದೀರಲ್ಲ, ಅದನ್ನು ಓದಿಯೇ ಉತ್ತರ ಬರೆಯಲು ಕೂತೆ. ಕಳೆದ ವರ್ಷ ಮನೆಯಲ್ಲಿ ಯಾರು ಕೇಳಿದರೂ ನಾನೂ ಹೀಗೇ ಹೇಳುತ್ತಿದ್ದೆ.

ನೀವು ಉಪ್ಪಳದವರು, ನಾನು ಪೆರ್ಲದ ಕಡೆಯವನು, ಇಬ್ಬರೂ ಕರ್ನಾಟಕದ ಗಡಿಗೆ ತಾಗಿದ ಕೇರಳದ ಕಾಸರಗೋಡು ಜಿಲ್ಲೆಯವರು. ನಮ್ಮ ಕಡೆ ಹಲ್ಲು ನೋವಾದರೂ ಮಂಗಳೂರು, ಹೊಟ್ಟೆ ನೋವಾದರೂ ಮಂಗಳೂರು. 2020ರ ಜನವರಿಯಲ್ಲಿ ಕೆಳಗಿನ ಎಡ ದವಡೆ ಹಲ್ಲು ರಾತ್ರಿ ನಿದ್ದೆ ಕೊಡದೆ ಕಾಡಿದಾಗ ನಾನೂ ಅಲ್ಲಿಗೇ ಹೋದೆ. ಡಾಕ್ಟರ್ ಮೇಡಂ ಹಲ್ಲು ತೆರೆದು, ಒಳಗಿನ ನರ ತೆಗೆದು, ಔಷಧ ಇಟ್ಟು, ಮೇಲೆ ಬಿಳಿ ಹಿಟ್ಟಿನಂಥದ್ದನ್ನು ಒತ್ತಿ ಮುಚ್ಚಿದರು. “ಇದು ತಾತ್ಕಾಲಿಕ. ಮುಂದಿನ ವಾರ ಬನ್ನಿ, ಪೂರ್ತಿ ತುಂಬಿಸಿ ಆಮೇಲೆ ಕ್ಯಾಪ್ ಹಾಕೋಣ” ಅಂದರು. ಚೀಟಿಯಲ್ಲಿ ತಾರೀಕು, ಅದರ ಕೆಳಗೆ ಫೋನ್ ನಂಬರು.

ಆ ತಾರೀಕಿಗೆ ನಾನು ಹೋಗಲಿಲ್ಲ. ಅಡಿಕೆ ಕೊಯ್ಲಿನ ಸಮಯ, ಕೊಯ್ಯುವವರು ಸಿಕ್ಕಿದ ದಿನ ಮನೆ ಬಿಟ್ಟು ಹೋಗುವ ಹಾಗಿಲ್ಲ. ಆಮೇಲೆ ಚಿಕ್ಕಪ್ಪನ ಮನೆಯಲ್ಲಿ ಉಪನಯನ. ಆಮೇಲೆ ಕಾರಣವೇ ಇರಲಿಲ್ಲ. ನಿಜ ಹೇಳಬೇಕೆಂದರೆ ನೋವು ಇಲ್ಲ, ಅದೇ ಕಾರಣ. ಆ ದಿನ ಕುರ್ಚಿಯಿಂದ ಎದ್ದ ಮೇಲೆ ಹಲ್ಲು ಎಷ್ಟು ಚೆನ್ನಾಗಿತ್ತು ಅಂದರೆ ಅದು ಬಾಯಲ್ಲಿ ಇದೆ ಅನ್ನೋದೇ ಮರೆತುಹೋಗಿತ್ತು. ನೋವಿಲ್ಲದ ಹಲ್ಲಿಗೆ ಒಂದು ದಿನ ಹಾಳುಮಾಡಿ ಮಂಗಳೂರಿಗೆ ಯಾಕೆ ಹೋಗಬೇಕು?

ಈ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೋವು ನಿಂತದ್ದು ಹಲ್ಲು ಗುಣವಾದದ್ದರಿಂದ ಅಲ್ಲ, ನೋವು ಹೇಳುವ ನರವನ್ನೇ ತೆಗೆದದ್ದರಿಂದ. ನರ ತೆಗೆದ ಹಲ್ಲು ನಾಯಿ ಇಲ್ಲದ ಮನೆ. ಕಳ್ಳ ಒಳಗೆ ಬಂದರೂ ಬೊಗಳುವವರಿಲ್ಲ. ಮೇಲೆ ಒತ್ತಿದ ಆ ಬಿಳಿ ಮುಚ್ಚಳಕ್ಕೆ ಹೆಚ್ಚೆಂದರೆ ಕೆಲವು ವಾರದ ಆಯುಸ್ಸು. ಜಗಿಯುತ್ತಾ ಸವೆಯುತ್ತದೆ, ಅಂಚಿನಲ್ಲಿ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಎಂಜಲು ಇಳಿಯುತ್ತದೆ, ಅದರ ಜೊತೆ ಬ್ಯಾಕ್ಟೀರಿಯಾ. ಒಳಗೆ ರಕ್ತದ ಓಡಾಟವಿಲ್ಲ, ಹಾಗಾಗಿ ದೇಹವೂ ಅಲ್ಲಿ ಹೋರಾಡುವುದಿಲ್ಲ. ಅವು ಸುಮ್ನೆ ಬೇರಿನ ತುದಿವರೆಗೆ ಇಳಿದು ಅಲ್ಲಿನ ಎಲುಬಿನಲ್ಲಿ ಮನೆ ಮಾಡುತ್ತವೆ. ಇಷ್ಟೆಲ್ಲ ಆಗುವಾಗ ನಿಮಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ವಿಷಯ ಹಲ್ಲು ದಾಟಿ ದವಡೆಗೆ ಬಂದಿರುತ್ತದೆ. ಇದನ್ನೆಲ್ಲ ಮೇಡಂ ಮೊದಲ ದಿನವೇ ಹೇಳಿದ್ದರು. ನಾನು ತಲೆ ಆಡಿಸಿದ್ದೆ.

ಮಾರ್ಚ್ ಬಂತು. ಆ ತಿಂಗಳ ಕೊನೆಗೆ ಕೇರಳದಲ್ಲೇ ಅತಿ ಜಾಸ್ತಿ ಕೊರೊನಾ ಕೇಸು ನಮ್ಮ ಜಿಲ್ಲೆಯಲ್ಲಿ. ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ತಲಪಾಡಿ ದಾಟಿದರೆ ದೇರಳಕಟ್ಟೆ, ಅಲ್ಲಿ ಹಲ್ಲಿನ ಕಾಲೇಜುಗಳೇ ಇವೆ. ನಮಗೆ ಮಾತ್ರ ಅದು ಬೇರೆ ದೇಶ. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ದಾರಿ ಬಿಡಿ ಅಂತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು, ಕೊನೆಗೆ ತುರ್ತು ರೋಗಿಗಳನ್ನು ಆಂಬುಲೆನ್ಸ್‌ನಲ್ಲಿ, ಡಾಕ್ಟರ ಪತ್ರ ಇದ್ದರೆ ಬಿಡುವುದು ಅಂತಾಯಿತು. ಅದಕ್ಕೂ ಮೊದಲು ಮಂಗಳೂರು ಮುಟ್ಟಲಾಗದೆ ಜನ ತೀರಿಕೊಂಡ ಸುದ್ದಿ ಒಂದರ ಹಿಂದೆ ಒಂದು ಬರುತ್ತಿತ್ತು. ಅಂಥ ಹೊತ್ತಲ್ಲಿ ನನಗೆ ಹಲ್ಲು ನೋವು ಅಂತ ಬಾಯಿ ಬಿಡುವುದಕ್ಕೇ ನಾಚಿಕೆ.

ಮನೆಯಲ್ಲಿ ಹಲಸಿನ ಕಾಲ. ಹೊರಗೆ ಹೋಗುವ ಹಾಗಿಲ್ಲ, ಹಾಗಾಗಿ ಹಪ್ಪಳ, ಸೋಂಟೆ (ಹಲಸಿನ ಚಿಪ್ಸ್), ಬೇಳೆಯ ಪಲ್ಯ, ಎಲ್ಲವೂ ಹಲಸೇ. ಒಂದು ಸಂಜೆ ಸೋಂಟೆ ಕಡಿಯುವಾಗ ಏನೋ ಕಲ್ಲಿನ ಹಾಗೆ ಸಿಕ್ಕಿತು. ಉಗುಳಿ ನೋಡಿದರೆ ಬಿಳಿ ತುಂಡು. ನಾಲಗೆ ಹಾಕಿದರೆ ಹಲ್ಲಿನ ನಡುವೆ ಹೊಂಡ. ಆಗಲೂ ನೋವಿಲ್ಲ! ಹತ್ತಿ ತುರುಕಿ ಸುಮ್ಮನಾದೆ. ಆಮೇಲೆ ಆ ಹಲ್ಲು ಉಳಿದ ಹಲ್ಲುಗಳಿಗಿಂತ ಸ್ವಲ್ಪ ಎತ್ತರ ಆದ ಹಾಗೆ ಅನಿಸತೊಡಗಿತು. ಬಾಯಿ ಮುಚ್ಚಿದರೆ ಮೊದಲು ಅದೇ ತಾಗುತ್ತಿತ್ತು. ಕುಚ್ಚಿಲಕ್ಕಿ ಗಂಜಿಯ ಅನ್ನ ತಾಗಿದರೂ ಜೀವ ಹೋದ ಹಾಗೆ. ನಿಮಗೂ ಹೀಗೆ ಹಲ್ಲು ಎತ್ತರ ಆದ ಹಾಗೆ ಅನಿಸಿದರೆ ಮುಂದೆ ಓದುವುದನ್ನು ಬಿಟ್ಟು ಮೊದಲು ಡಾಕ್ಟರಿಗೆ ಫೋನ್ ಮಾಡಿ. ಬೇರಿನ ತುದಿಯಲ್ಲಿ ಕೀವು ಸೇರತೊಡಗಿದೆ ಅಂತ ಲೆಕ್ಕ.

ನಾನು ಮಾಡಿದ್ದು ನೀವು ಈಗ ಮಾಡಹೊರಟಿರುವುದನ್ನೇ. ಲವಂಗದೆಣ್ಣೆ. ಒಳ್ಳೆಯ ಔಷಧವೇ, ಅದರಲ್ಲಿರುವ ಯುಜೆನಾಲ್ ನರವನ್ನು ಮರಗಟ್ಟಿಸುತ್ತದೆ, ಹಲ್ಲಿನ ಡಾಕ್ಟರುಗಳೂ ಬಳಸುತ್ತಾರೆ. ಆದರೆ ನಮ್ಮ ಹಲ್ಲಿನಲ್ಲಿ ಮರಗಟ್ಟಿಸಲು ನರ ಎಲ್ಲಿದೆ? ತೊಂದರೆ ಇರುವುದು ಎಲುಬಿನಲ್ಲಿ, ಎಣ್ಣೆ ಅಲ್ಲಿಗೆ ಮುಟ್ಟುವುದಿಲ್ಲ. ಮುಟ್ಟಿದ್ದು ವಸಡಿಗೆ. ಹತ್ತಿಯಲ್ಲಿ ಅದ್ದಿ ರಾತ್ರಿಯಿಡೀ ಇಟ್ಟುಕೊಂಡೆ, ಬೆಳಿಗ್ಗೆ ಆ ಜಾಗದ ಚರ್ಮ ಬೆಳ್ಳಗಾಗಿ ಹಾಲಿನ ಕೆನೆಯಂತೆ ಸುಲಿದು ಬಂತು. ಈಗ ನೋವು ಎರಡು ಕಡೆ. ದೊಡ್ಡಮ್ಮ ಫೋನಿನಲ್ಲಿ “ಗೇರೆಣ್ಣೆ ಒಂದು ಬಿಂದು ಬಿಡು” ಅಂದರು. ಗೇರುಬೀಜ ಸುಟ್ಟು ಕೈಯೆಲ್ಲ ಬೊಬ್ಬೆ ಬಂದ ನೆನಪಿದ್ದದ್ದರಿಂದ ಬಚಾವಾದೆ. ಅವರದೇ ಇನ್ನೊಂದು ಮಾತು, “ಬಿಸಿ ಶಾಖ ಕೊಡು ಮಗ, ಕರಗ್ತದೆ”, ಅದನ್ನು ಮಾತ್ರ ಕೇಳಿದೆ. ಹೊರಗಿನಿಂದ ಕೆನ್ನೆಗೆ ಶಾಖ ಕೊಡಬೇಡಿ. ಮಾರನೇ ದಿನ ಕನ್ನಡಿಯಲ್ಲಿ ನನ್ನ ಎಡಕೆನ್ನೆ ಬೇರೆ ಯಾರದ್ದೋ ಆಗಿತ್ತು. ಬಟ್ಟೆಯಲ್ಲಿ ಸುತ್ತಿದ ಐಸ್ ಹೊರಗಿನಿಂದ, ಉಗುರು ಬೆಚ್ಚಗಿನ ಉಪ್ಪುನೀರು ಒಳಗಿನಿಂದ. ಮನೆಮದ್ದು ಅಂದರೆ ನನ್ನ ಪ್ರಕಾರ ಅಷ್ಟೇ.

ಆಗ ನೆನಪಾದದ್ದು ಚೀಟಿಯ ನಂಬರು. ಗಡಿ ಮುಚ್ಚಿದೆ, ಫೋನ್ ಮಾಡಿ ಏನು ಪ್ರಯೋಜನ ಅಂತ ಅದುವರೆಗೆ ಮಾಡಿರಲೇ ಇಲ್ಲ. ಮೇಡಂ ಎರಡನೇ ರಿಂಗಿಗೆ ಎತ್ತಿದರು. ಬೈಯಲಿಲ್ಲ. ಫೋಟೋ ತರಿಸಿಕೊಂಡರು, ಜ್ವರ ಇದೆಯಾ, ನುಂಗಲು ಆಗುತ್ತಾ, ಬಾಯಿ ಎಷ್ಟು ತೆರೆಯುತ್ತೆ ಅಂತೆಲ್ಲ ಕೇಳಿದರು. ವಾಟ್ಸಾಪಿನಲ್ಲೇ ಔಷಧ ಬರೆದು ಕಳಿಸಿದರು. ಹೀಗೆ ಬರೆದುಕೊಡಲು ದಾರಿ ಮಾಡಿದ ಟೆಲಿಮೆಡಿಸಿನ್ ಮಾರ್ಗಸೂಚಿ 2020ರ ಮಾರ್ಚ್ 25ಕ್ಕೇ ಬಂದಿತ್ತು. ಆಮೇಲೆ ನಮ್ಮ ಬದಿಯ ಪೇಟೆಯಲ್ಲಿ ತುರ್ತಿಗೆ ನೋಡುವ ಡಾಕ್ಟರೊಬ್ಬರಿಗೆ ಅವರೇ ಮಾತಾಡಿ, ಎಕ್ಸ್‌ರೇ ಕಳಿಸಿದರು.

ಹೊರಗೆ ಹೋಗುವ ಕಾರಣ ಬರೆದ ಅಫಿಡವಿಟ್ ಹಿಡಿದು, ಪೊಲೀಸರಿಗೆ ಮಾಸ್ಕ್ ಇಳಿಸಿ ಕೆನ್ನೆ ತೋರಿಸಿ ಹೋದೆ. ಅಲ್ಲಿ ಕಿಟಕಿ ಎಲ್ಲ ತೆರೆದಿಟ್ಟು, ಎಸಿ ಬಂದ್ ಮಾಡಿ, ಡಾಕ್ಟರ್ ಆ ಸೆಕೆಯಲ್ಲಿ ಅಡಿಯಿಂದ ಮುಡಿವರೆಗೆ ಪ್ಲಾಸ್ಟಿಕ್ ಹೊದ್ದು ನಿಂತಿದ್ದರು. ಮೊದಲು ಕಂದು ಬಣ್ಣದ ಅಯೋಡಿನ್ ನೀರಿನಲ್ಲಿ ಬಾಯಿ ಮುಕ್ಕಳಿಸಿದ್ದು. ವಸಡು ಚುಚ್ಚಿ ಕೀವು ತೆಗೆದರು. ಕೀವು ತುಂಬಿದ ಜಾಗದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ ಅಂತ ಅವರು ಮೊದಲೇ ಹೇಳಿದ್ದರು. ಹೇಳಿದ ಹಾಗೇ ಆಯಿತು.

ಹಲ್ಲು ಉಳಿಯುತ್ತಾ ಅಂತ ಕೇಳಿದೆ. “ಉಳಿಸಬೇಕಾದರೆ ಮತ್ತೆ ಒಳಗೆ ಎಲ್ಲ ಕ್ಲೀನ್ ಮಾಡಿ, ಗೋಡೆ ಕೆತ್ತಿ, ಕ್ಯಾಪಿಗೆ ತಯಾರು ಮಾಡ್ಬೇಕು. ಡ್ರಿಲ್ ಬೇಕು. ಡ್ರಿಲ್ ಈಗ ಹಾಕ್ಲಿಕ್ಕೆ ಇಲ್ಲ” ಅಂದರು. ಹಲ್ಲು ಕೊರೆಯುವ ಆ ಯಂತ್ರ ನಿಮಿಷಕ್ಕೆ 3 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಬಿಸಿಯಾಗದಂತೆ ನೀರು ಚಿಮ್ಮುತ್ತಿರುತ್ತದೆ. ಎಂಜಲು ಮಂಜಿನ ಹನಿಯಾಗಿ ಕೋಣೆ ತುಂಬಾ ಹಾರುತ್ತದೆ. ಹಲ್ಲಿನ ಡಾಕ್ಟರುಗಳು ಬಾಗಿಲು ಹಾಕಿದ್ದು ಮುಖ್ಯವಾಗಿ ಈ ಭಯಕ್ಕೆ. ಕೇಂದ್ರದ ಆರೋಗ್ಯ ಇಲಾಖೆ ಆ ಮೇ ತಿಂಗಳಲ್ಲಿ ಕೊಟ್ಟ ಸೂಚನೆಯಲ್ಲೂ ಸೋಂಕು ಹಬ್ಬದಂತೆ ಸೀಲ್ ಮಾಡಿದ ಕಂಟೈನ್‌ಮೆಂಟ್ ಝೋನ್‌ನಲ್ಲಿ ಕ್ಲಿನಿಕ್ ಬಂದ್, ಸೋಂಕು ಹೆಚ್ಚಿದ್ದ ರೆಡ್ ಝೋನ್‌ನಲ್ಲಿ ತುರ್ತು ಚಿಕಿತ್ಸೆ ಮಾತ್ರ ಅಂತಿತ್ತು. ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಹಲ್ಲು ಉಳಿಸಲು ಯಂತ್ರ ಬೇಕು, ಕೀಳಲು ಕೈ ಸಾಕು. ಹಾಗಾಗಿ ಆ ಕಾಲದಲ್ಲಿ ಸುಲಭವಾಗಿ ಸಿಗುತ್ತಿದ್ದ ಚಿಕಿತ್ಸೆ ಕೀಳುವುದೇ. ಕೀವು ಇಳಿದ ಮೇಲೆ ಮತ್ತೊಮ್ಮೆ ಹೋಗಿ ಕೀಳಿಸಿಕೊಂಡು ಬಂದೆ. ಜನವರಿಯಲ್ಲಿ ಒಂದು ದಿನ ಅಡಿಕೆ ಬಿಟ್ಟು ಹೋಗಿದ್ದರೆ ಉಳಿಯುತ್ತಿದ್ದ ಹಲ್ಲು. ಈಗಲೂ ಚಕ್ಕುಲಿ ಬಲಗಡೆಯೇ.

ಈಗ ನಿಮ್ಮ ವಿಷಯ. ‘ಕ್ಲಿನಿಕ್ ತೆರೆಯುವವರೆಗೆ ಹೇಗೆ ತಡೆಯಲಿ’ ಅಂತ ಕೇಳಿದ್ದೀರಿ. ನೋವನ್ನು ತಡೆಯುವುದಲ್ಲ, ಹೊಂಡ ಮುಚ್ಚಿದೆಯಾ ಅಂತ ನೋಡುವುದು ಈಗಿನ ಕೆಲಸ. ತಾತ್ಕಾಲಿಕ ಮುಚ್ಚಳ ಬದಲಾಯಿಸಲು ಸಾಮಾನ್ಯವಾಗಿ ಡ್ರಿಲ್ ಬೇಡ, ಕೈ ಸಲಕರಣೆಯಲ್ಲೇ ಕೆರೆದು ಹೊಸತು ಒತ್ತಬಹುದು. ಸಣ್ಣ ಕೆಲಸ. ನನಗೆ ಇದು ಗೊತ್ತಿದ್ದರೆ ಸೋಂಟೆಯ ದಿನವೇ ಫೋನ್ ಮಾಡುತ್ತಿದ್ದೆ. ಈ ಸಲದ, ಅಂದರೆ 2021ರ, ಲಾಕ್‌ಡೌನ್‌ನಲ್ಲಿ ವೈದ್ಯಕೀಯ ಸೇವೆಗೆ ತಡೆಯೂ ಇಲ್ಲ. ನಿಮ್ಮ ಡಾಕ್ಟರ್ ಮುಚ್ಚಿದ್ದರೆ ಊರಿನ ಎಲ್ಲ ಡಾಕ್ಟರೂ ಮುಚ್ಚಿದ್ದಾರೆ ಅಂತ ಅರ್ಥವಲ್ಲ. ಮಂಗಳೂರೇ ಆಗಬೇಕು ಅನ್ನೋ ಹಠ ಬಿಡಿ. ಗಡಿಯಲ್ಲಿ ಆರ್‌ಟಿ-ಪಿಸಿಆರ್ (ಕೊರೊನಾ ಪರೀಕ್ಷೆಯ) ವರದಿ ಕೇಳುತ್ತಾರೆ, ಅದಕ್ಕೆ ಕಾಯುತ್ತಾ ಕೂತರೆ ಹಲ್ಲು ಕಾಯುವುದಿಲ್ಲ. ಕುಂಬಳೆ, ಕಾಸರಗೋಡಿನಲ್ಲಿ ಡಾಕ್ಟರುಗಳಿದ್ದಾರೆ. ಮೊದಲಿನ ಕ್ಲಿನಿಕ್‌ನಿಂದ ಎಕ್ಸ್‌ರೇ ತರಿಸಿಕೊಳ್ಳಿ, ಎಷ್ಟು ಕೆನಾಲ್ (ಬೇರಿನೊಳಗಿನ ನಾಳ) ಕ್ಲೀನ್ ಆಗಿದೆ, ಒಳಗೆ ಯಾವ ಔಷಧ ಇಟ್ಟಿದ್ದಾರೆ ಅಂತ ಕೇಳಿಕೊಳ್ಳಿ.

ಆಂಟಿಬಯೋಟಿಕ್ ಹೆಸರು ನಾನು ಹೇಳುವುದಿಲ್ಲ. ಹಳೆಯ ಅರ್ಧ ಸ್ಟ್ರಿಪ್ ಡ್ರಾಯರ್‌ನಲ್ಲಿದ್ದರೂ ಮುಟ್ಟಬೇಡಿ. ರಕ್ತವೇ ಹೋಗದ ಹಲ್ಲಿನ ಒಳಗೆ ಮಾತ್ರೆ ಹೇಗೆ ಹೋಗುತ್ತದೆ? ಬಾವು, ಜ್ವರ ಇದ್ದರೆ ಅದು ಬೇಕಾಗುತ್ತದೆ, ಆಗ ಡಾಕ್ಟರೇ ಬರೆಯುತ್ತಾರೆ. ನೋವಿಗೆ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೇನ್ ಹಲ್ಲು ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ ಐಬುಪ್ರೊಫೇನ್ ಬೇಡ. ಮಳೆ ಶುರುವಾಗುವ ಹೊತ್ತು, ನಮ್ಮ ಕಡೆ ಡೆಂಗ್ಯೂ ಬರುವ ಕಾಲ. ಜ್ವರ ಇದ್ದರೆ ಕೇಳದೆ ಅದನ್ನು ನುಂಗಬೇಡಿ. ಮಾತ್ರೆಯನ್ನು ಪುಡಿ ಮಾಡಿ ವಸಡಿಗೆ ಇಡುವವರಿದ್ದಾರೆ. ಅದೂ ನನ್ನ ಲವಂಗದೆಣ್ಣೆಯ ಕತೆಯೇ.

ಬಾವು ಗದ್ದದ ಕೆಳಗೆ ಇಳಿದರೆ, ಎಂಜಲು ನುಂಗಲು ಕಷ್ಟವಾದರೆ, ನಾಲಗೆ ಮೇಲಕ್ಕೆ ಎತ್ತಿದ ಹಾಗಾದರೆ, ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ ಹಲ್ಲಿನ ಡಾಕ್ಟರನ್ನು ಹುಡುಕಬೇಡಿ, ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ. ರಾತ್ರಿಯಾದರೂ ಸರಿ. ಅದು ಉಸಿರು ಕಟ್ಟಿಸುವ ಬಾವು.

ಹಾಗೇನೂ ಇಲ್ಲ ಅಂದರೆ ಈಗಲೇ ಫೋಟೋ ತೆಗೆದಿಡಿ, ನಾಳೆ ಬೆಳಿಗ್ಗೆ ಫೋನ್ ಮಾಡುವಾಗ ಬೇಕಾಗುತ್ತದೆ. ಸೆಲ್ಫಿ ಕ್ಯಾಮೆರಾದಲ್ಲಿ ಬರೀ ಕತ್ತಲೆ ಬರುತ್ತದೆ. ಮನೆಯವರ ಕೈಯಲ್ಲಿ ಫೋನ್ ಕೊಟ್ಟು ಹಿಂದಿನ ಕ್ಯಾಮೆರಾದಲ್ಲಿ ತೆಗೆಸಿ, ಇನ್ನೊಬ್ಬರು ಟಾರ್ಚ್ ಹಿಡಿಯಲಿ, ನೀವು ಚಮಚದ ಹಿಡಿಯಿಂದ ಕೆನ್ನೆ ಬದಿಗೆ ಸರಿಸಿ. ಹತ್ತಿ ತುರುಕಿದ್ದರೆ ತೆಗೆದು ಬಾಯಿ ಮುಕ್ಕಳಿಸಿಯೇ ತೆಗೆಸಿ. ನನ್ನ ಮೊದಲ ಫೋಟೋ ನೋಡಿ ಮೇಡಂ, “ಇದರಲ್ಲಿ ಹತ್ತಿ ಮಾತ್ರ ಕಾಣ್ತದೆ” ಅಂದಿದ್ದರು.