ಸಂಪಾದಕರ ಉತ್ತರ: ಹೋಬಳಿಯಷ್ಟು ಜಾಗಕ್ಕೆ ಮೂರು ಪುಟ ಯಾಕೆ?

ಹಾವೇರಿ ಜಿಲ್ಲೆಯ ನಿವೃತ್ತ ಮಾಸ್ತರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅಕ್ಷರ ಮುತ್ತಿನಂತಿದೆ, ಬೈಗುಳವೂ ಅಷ್ಟೇ ಅಂದವಾಗಿದೆ. ಹೋದ ಸಂಚಿಕೆಯಲ್ಲಿ ಕೆರಿಬಿಯನ್ ಕಡಲಿನ ಡೊಮಿನಿಕನ್ ಗಣರಾಜ್ಯದ ಲಾ ಇಸಬೆಲಾ ಬಗ್ಗೆ ನಾವು ಮೂರು ಪುಟ ಹಾಕಿದ್ದು ಅವರಿಗೆ ಸರಿ ಕಂಡಿಲ್ಲ. "ನಮ್ಮ ಹೋಬಳಿಯಷ್ಟಿರುವ ಜಾಗಕ್ಕೆ ಇಷ್ಟು ಕಾಗದ ಯಾಕೆ? ಸಾಲದ್ದಕ್ಕೆ ಕೊಲಂಬಸ್‌ನಂಥ ಧೈರ್ಯವಂತನನ್ನು ಸಣ್ಣವನನ್ನಾಗಿ ಮಾಡಿದ್ದೀರಿ" ಎಂದು ಕೇಳಿದ್ದಾರೆ.

ಮಾಸ್ತರೇ, ಧೈರ್ಯದ ಮಾತು ಒಪ್ಪಿದೆ. ಗೊತ್ತಿಲ್ಲದ ಕಡಲಿಗೆ ಹಾಯಿ ಬಿಚ್ಚುವುದು ನನ್ನ ಕೈಲಾಗದ ಕೆಲಸ, ಲಾಂಚಿನಲ್ಲಿ ಶರಾವತಿ ಹಿನ್ನೀರು ದಾಟುವಾಗಲೂ ಕಂಬಿ ಬಿಡದವನು ನಾನು. ಅವನ ಪಾಲಿನ ಹೊಗಳಿಕೆ ಇಲ್ಲಿಗೆ ಮುಗಿಯಿತು.

ಹೋಬಳಿ ಅಂದಿರಲ್ಲ, ಅಂದಾಜು ತಪ್ಪಿಲ್ಲ. ಅಲ್ಲಿ ಪ್ರಾಂತ್ಯ, ಅದರ ಕೆಳಗೆ ಪುರಸಭೆ, ಅದಕ್ಕೂ ಕೆಳಗೆ ಮುನಿಸಿಪಲ್ ಡಿಸ್ಟ್ರಿಕ್ಟ್. ಪ್ವೆರ್ಟೊ ಪ್ಲಾಟಾ ಪ್ರಾಂತ್ಯದ ಲುಪೆರೋನ್ ಪುರಸಭೆಯಡಿ ಬರುವ ಲಾ ಇಸಬೆಲಾ ಅಂಥದ್ದೊಂದು. (ನೀವು ಬರೆದ ಡೊಮಿನಿಕಾ ಬೇರೆಯೇ ದ್ವೀಪ. ಕ್ರಿಕೆಟ್ ನೋಡುವವರಿಗೆಲ್ಲ ಈ ತಪ್ಪಾಗುತ್ತದೆ. ಡೊಮಿನಿಕನ್ ಗಣರಾಜ್ಯದವರಿಗೆ ಹುಚ್ಚು ಬೇಸ್‌ಬಾಲಿನದು.)

ಮೊದಲು ನೆಲ ನೋಡಿ. ಆ ದೇಶವಿರುವ ಹಿಸ್ಪಾನಿಯೋಲಾ ದ್ವೀಪದ ಉತ್ತರ ದಡ, ಬಹಬೋನಿಕೊ ನದಿ ಕಡಲು ಸೇರುವ ಕಡೆ, ಸ್ವಲ್ಪ ಎತ್ತರದ ಒಂದು ದಿಬ್ಬ. ನೋಡಲು ಚೆಂದ. ಆದರೆ ಕೊಲ್ಲಿಯಲ್ಲಿ ನೀರಿನ ಆಳ ಕಡಿಮೆ, ಬಡಗಣ ಗಾಳಿಗೆ ಮರೆಯಿಲ್ಲ. ಚಿನ್ನ ಸಿಗುತ್ತದೆಂದು ನಂಬಿದ್ದ ಸಿಬಾವೊ ಸೀಮೆ ಬೆಟ್ಟಸಾಲಿನ ಆಚೆ. ಇಂಥ ಕಡೆ 1493ರ ಕೊನೆಗೆ 17 ಹಡಗು, ಸಾವಿರದ ಇನ್ನೂರಕ್ಕೂ ಹೆಚ್ಚು ಜನ, ಕುದುರೆ, ಹಂದಿ, ಗೋಧಿ ಬೀಜ, ಕಬ್ಬಿನ ಬಿತ್ತನೆ ಎಲ್ಲ ಹೇರಿಕೊಂಡು ಬಂದ ಕೊಲಂಬಸ್ ಊರು ಕಟ್ಟಲು ಕೂತ. 1494ರ ಜನವರಿಯಲ್ಲಿ ಮೊದಲ ಪೂಜೆಯೂ ಆಯಿತು, ಸ್ಪೇನಿನ ರಾಣಿ ಇಸಬೆಲಾಳ ಹೆಸರನ್ನೂ ಇಟ್ಟರು. ನಾಲ್ಕೇ ವರ್ಷ. 1498ರ ಹೊತ್ತಿಗೆ ಊರು ಖಾಲಿ.

ಯಾಕೆ ಖಾಲಿಯಾಯಿತು ಅನ್ನುವುದೇ ನಮ್ಮ ಮೂರು ಪುಟದ ಕಥೆ. ಜ್ವರ, ಹಸಿವು, ಬಿರುಗಾಳಿ. ಅಲ್ಲಿನ ಸ್ಮಶಾನದ ಎಲುಬುಗಳಲ್ಲಿ ಹಣ್ಣು-ತರಕಾರಿ ಇಲ್ಲದೆ ಬರುವ ಸ್ಕರ್ವಿಯ ಗುರುತು ಸಿಕ್ಕಿದೆ. ಸುತ್ತ ಹಣ್ಣಿನ ನಾಡು, ನಡುವೆ ಸ್ಕರ್ವಿ! ಇನ್ನೊಂದು ಸಂಗತಿ ಕೇಳಿ. ಅಗೆತದಲ್ಲಿ ಸೀಸದ ಅದಿರೂ ಬೆಳ್ಳಿ ತೆಗೆಯಲು ಕಾಯಿಸಿದ ಕಿಟ್ಟವೂ ಸಿಕ್ಕವು. ಅಂತೂ ಇಲ್ಲಿ ಬೆಳ್ಳಿ ಇತ್ತು ಅಂತ ಬಹಳ ದಿನ ಅಂದುಕೊಂಡಿದ್ದರು. 2007ರಲ್ಲಿ ಪರೀಕ್ಷೆ ಮಾಡಿದಾಗ ಆ ಅದಿರು ಸ್ಪೇನಿನದ್ದೇ ಅಂತ ತಿಳಿಯಿತು. ಅಲ್ಲಿಂದ ತಾವೇ ತಂದದ್ದನ್ನು ಕಡೆಗಾಲದಲ್ಲಿ ಕಾಯಿಸಿ ಬೆಳ್ಳಿಗಾಗಿ ಒದ್ದಾಡಿದ್ದಾರೆ. ಇದನ್ನು ಓದಿ ನಾನು ಸುಮ್ನೆ ಕೂತುಬಿಟ್ಟೆ.

ಆದರೆ ಇವರಿಗಿಂತ ಜಾಸ್ತಿ ನನ್ನ ಮನಸ್ಸಿಗೆ ತಟ್ಟುವವರು ಅಲ್ಲಿನ ತಾಯ್ನೋ ಜನ. ಗಿಡುಗದ ಕಾಲಿಗೆ ಕಟ್ಟುವ ಗೆಜ್ಜೆಯನ್ನು ಸ್ಪೇನಿನವರು ಮೊದಲು ಇವರಿಗೆ ಉಡುಗೊರೆ ಕೊಟ್ಟರು. ಇವರಿಗೆ ಆ ಸದ್ದು ಇಷ್ಟವಾಯಿತು. ಆಮೇಲೆ ಅದೇ ಗೆಜ್ಜೆ ಅಳತೆಯ ಪಾವಾಯಿತು: ಚಿನ್ನದ ಸೀಮೆಯಲ್ಲಿ ಹದಿನಾಲ್ಕು ದಾಟಿದವರೆಲ್ಲ ಮೂರು ತಿಂಗಳಿಗೊಮ್ಮೆ ಒಂದು ಗೆಜ್ಜೆ ತುಂಬ ಚಿನ್ನದ ಪುಡಿ ಕಪ್ಪ ಕೊಡಬೇಕು. 1495ರಲ್ಲಿ 500ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಸ್ಪೇನಿಗೆ ಸಾಗಿಸಿದರು, ಸುಮಾರು 200 ಮಂದಿ ದಾರಿಯಲ್ಲೇ ಸತ್ತರು. ಧೈರ್ಯದ ಲೆಕ್ಕ ಬರೆಯುವಾಗ ಈ ಸಾಲನ್ನೂ ಬರೆಯಬೇಕು, ಅಲ್ವಾ ಮಾಸ್ತರೇ?

ನಿಮಗೂ ಈ ಊರಿಗೂ ಸಂಬಂಧವಿಲ್ಲ ಅಂದಿರಿ. ನೀವು ಬ್ಯಾಡಗಿ ಪಕ್ಕದವರು! ಆ ಹಡಗುಗಳ ಜೊತೆ ಬಂದಿದ್ದ ವೈದ್ಯ ಚಂಕಾ, ಇಲ್ಲಿಯ ಜನ ಗೆಡ್ಡೆಯನ್ನು 'ಅಹಿ' ಎಂಬ ಖಾರ ಹಾಕಿಕೊಂಡು ತಿನ್ನುತ್ತಾರೆ ಅಂತ 1494ರಲ್ಲೇ ಪತ್ರ ಬರೆದ. ಅದು ಮೆಣಸಿನಕಾಯಿ. ಹುಡುಕಿ ಬಂದದ್ದು ನಮ್ಮ ಕಡೆಯ ಕರಿಮೆಣಸು, ಸಿಕ್ಕಿದ್ದು ಇದು, ಅದನ್ನೂ ಮೆಣಸಿನ ಹೆಸರಲ್ಲೇ ಕರೆದರು. ಮುಂದೆ ಪೋರ್ಚುಗೀಸರು ಇಲ್ಲಿಗೆ ತಂದಾಗ ನಾವೂ ಅದನ್ನೇ ಮಾಡಿದೆವು, ಮೆಣಸಿನ ಜೊತೆ ಒಂದು ಕಾಯಿ ಸೇರಿಸಿ. ನಿಮ್ಮ ಮನೆಯಲ್ಲಿ ಬಟಾಟಿ ಪಲ್ಯ ಅನ್ನುತ್ತೀರಲ್ಲ, ಆ ಬಟಾಟವೂ ಮೂಲದಲ್ಲಿ ತಾಯ್ನೋ ಮಾತು. ಅವರ ಬಾಯಲ್ಲಿ ಅದು ಗೆಣಸು.

ಇನ್ನು ನನ್ನ ಹೊಟ್ಟೆಯುರಿ. ಲಾ ಇಸಬೆಲಾದಲ್ಲಿ ಇಂದು ನೋಡಲು ಉಳಿದಿರುವುದು ಕಲ್ಲಿನ ಅಡಿಪಾಯಗಳು, ಕಡಲಿನತ್ತ ಕುಸಿಯುತ್ತಿರುವ ಕೊಲಂಬಸ್ ಮನೆಯ ಮಣ್ಣುಗೋಡೆ, ಕೆಲವು ಸಮಾಧಿ. ಯಾಕಿಷ್ಟು ಕಡಿಮೆ? ಸರ್ವಾಧಿಕಾರಿ ಟ್ರುಹಿಯೊ ಕಾಲದಲ್ಲಿ ದೊಡ್ಡವರು ಬರುತ್ತಾರೆ, ಜಾಗ ಸ್ವಚ್ಛ ಮಾಡಿ ಅಂತ ಮೇಲಿನಿಂದ ಆಜ್ಞೆ ಬಂತಂತೆ. ಕೆಳಗಿನವರು ಬುಲ್ಡೋಜರ್ ತಂದು ಅವಶೇಷಗಳನ್ನು ಕಡಲಿಗೆ ನೂಕಿದರಂತೆ. ಈ ಕಥೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ. ನನಗೆ ಒಂಚೂರೂ ಆಶ್ಚರ್ಯವಾಗಲಿಲ್ಲ. ನಮ್ಮೂರ ಕೆರೆ ಏರಿಯ ಮೇಲಿದ್ದ ವೀರಗಲ್ಲಿಗೆ ಜೀರ್ಣೋದ್ಧಾರದ ಹೆಸರಲ್ಲಿ ಬೆಳ್ಳಿ ಬಣ್ಣದ ಆಯಿಲ್ ಪೇಂಟ್ ಬಳಿದರು. ಅಕ್ಷರಗಳ ಗೀರುಗಳೊಳಗೆಲ್ಲ ಬಣ್ಣ. ಹತ್ತು ಸಾಲಿನಲ್ಲಿ ಈಗ ಓದಲು ಬರುವುದು ಒಂದು 'ಸ್ವಸ್ತಿ' ಮಾತ್ರ. ಬಳಿದವರು ಪಕ್ಕದಲ್ಲಿ ಗ್ರಾನೈಟ್ ಫಲಕ ನೆಟ್ಟಿದ್ದಾರೆ, ಅದರಲ್ಲಿ ಹನ್ನೊಂದು ಜನರ ಹೆಸರು ಸ್ಪಷ್ಟವಾಗಿದೆ. ಸಣ್ಣ ಊರಿಗೇನು ಇತಿಹಾಸ ಅಂದುಕೊಂಡವರಿಗೆ ಇದಕ್ಕಿಂತ ಬೇರೇನು ತೋಚೀತು? ನೀವೂ ಪತ್ರದಲ್ಲಿ ಅದೇ ಅಂದಿದ್ದೀರಿ, ಅದಕ್ಕೇ ಇಷ್ಟು ಉದ್ದ ಬರೆದೆ.

ಪತ್ರದ ಕೊನೆಗೆ, ಜಾತ್ರೆಗೆ ಮುಂಚೆ ನಿಮ್ಮೂರ ಗುಡಿಯ ಹಿಂದಿನ ಜಾಗವನ್ನು ಜೆಸಿಬಿ ತರಿಸಿ ಹಸನು ಮಾಡಿಸಿದ್ದೀವಿ, ಈಗ ಇನ್ನೂರು ಜನ ಕೂತು ಉಣ್ಣಬಹುದು ಅಂತ ಸಂತೋಷದಿಂದ ಬರೆದಿದ್ದೀರಿ. "ಕೆಲವು ಹಳೇ ಕಲ್ಲುಗಳಿದ್ದವು" ಅಂತಲೂ ಒಂದು ಸಾಲಿದೆ. ಆ ಕಲ್ಲುಗಳನ್ನು ಎಲ್ಲಿ ಹಾಕಿದ್ದಾರೆ, ಮಾಸ್ತರೇ? ಈ ವಾರವೇ ಹೋಗಿ ನೋಡಿ. ಅಕ್ಷರ ಕಂಡರೆ ಸಂಜೆ ಓರೆಬಿಸಿಲಿನಲ್ಲಿ ಫೋಟೊ ತೆಗೆದು ಕಳಿಸಿ. ಮೂರಲ್ಲ, ನಾಲ್ಕು ಪುಟ ಕೊಡುತ್ತೇನೆ.